ಹೆಸರು ಒಂದು ಟೇಬಲ್‌ನಲ್ಲಿ, ಪಟ್ಟಿ ಇನ್ನೊಂದರಲ್ಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಕೋಲಾರ, ಚಿಕ್ಕಬಳ್ಳಾಪುರ ಮತ್ತು ತುಮಕೂರು ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ನಾಲ್ಕನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬರೆದವರ ಕಸುಬು ಬೇರೆ ಬೇರೆ, ಬಳಸುವ ತಂತ್ರಾಂಶವೂ ಬೇರೆ ಬೇರೆ. ತೊಡಕು ಮಾತ್ರ ಒಂದೇ ಬೇರಿನದು: ಪಟ್ಟಿ ಒಂದು ಟೇಬಲ್‌ನಲ್ಲಿದೆ, ಅದನ್ನು ಯಾವುದರ ಮೇಲೆ ಜೋಡಿಸಬೇಕೋ ಆ ಹೆಸರು ಅಥವಾ ದಿನಾಂಕ ಇನ್ನೊಂದು ಟೇಬಲ್‌ನಲ್ಲಿದೆ. ಜೋಡಿಸುವುದು ಎಂದರೆ ಇಲ್ಲಿ ಸಾಲುಗಳನ್ನು ಕ್ರಮವಾಗಿ ಇಡುವುದು. ಓದಲು ಸುಲಭವಾಗಲೆಂದು ಟೇಬಲ್ ಮತ್ತು ಕಾಲಮ್‌ಗಳ ಹೆಸರನ್ನು ಉತ್ತರಗಳಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ನಿಮ್ಮ ಕೋಡ್‌ನಲ್ಲಿ ಯಾವ ಹೆಸರಿದೆಯೋ ಅದನ್ನೇ ಆ ಜಾಗದಲ್ಲಿ ಇಟ್ಟುಕೊಳ್ಳಬೇಕು.

ಪ್ರಶ್ನೆ: ಕೋಲಾರದ ಎಪಿಎಂಸಿ ಪ್ರಾಂಗಣದಲ್ಲಿ ನಮ್ಮದೊಂದು ಟೊಮೆಟೊ ಮಂಡಿ ಇದೆ. ನನ್ನ ತಮ್ಮ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಮೊದಲು ಜಾಂಗೋದಲ್ಲಿ (ಪೈಥಾನ್ ಭಾಷೆಯ ಒಂದು ಸಿದ್ಧ ಚೌಕಟ್ಟು) ಒಂದು ಲೆಕ್ಕದ ತಂತ್ರಾಂಶ ಮಾಡಿಕೊಟ್ಟ. ದಿನವೂ ಬರುವ ಲಾಟುಗಳನ್ನು ಅದರ ಅಡ್ಮಿನ್ ಪ್ಯಾನೆಲ್‌ನಲ್ಲೇ ದಾಖಲಿಸುತ್ತೇವೆ. ಪಟ್ಟಿಯಲ್ಲಿ ರೈತರ ಹೆಸರು ಸರಿಯಾಗಿಯೇ ಕಾಣುತ್ತದೆ. ಆದರೆ ಆ ಕಾಲಮ್‌ನ ತಲೆಬರಹ ಒತ್ತಿದರೆ ಹೆಸರುಗಳು ಅಕಾರಾದಿಯಾಗಿ ಬರದೆ ವೆಂಕಟೇಶಪ್ಪ, ಅಂಜಿನಪ್ಪ, ನಾರಾಯಣಪ್ಪ ಎಂದು ಗೊತ್ತುಗುರಿಯಿಲ್ಲದೆ ಬರುತ್ತವೆ. ಊರಿನ ಕಾಲಮ್‌ನ ತಲೆಬರಹವಂತೂ ಒತ್ತಿದರೂ ಏನೂ ಆಗುವುದಿಲ್ಲ. ರೈತರ ಹೆಸರು, ಊರು ಎರಡನ್ನೂ ಲಾಟಿನ ಟೇಬಲ್‌ಗೇ ನಕಲು ಮಾಡಿಬಿಡಿ, ಎಲ್ಲ ಸರಿಹೋಗುತ್ತದೆ ಎಂದು ಪರಿಚಯದವರೊಬ್ಬರು ಹೇಳಿದರು. ಹಾಗೆ ಮಾಡಬಹುದೇ?

ಉತ್ತರ: ನಕಲು ಮಾಡಬೇಡಿ. ಅದರ ಕಾರಣವನ್ನು ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಪಟ್ಟಿ ಏಕೆ ಹಾಗೆ ಬರುತ್ತಿದೆ ಎಂಬುದನ್ನು ನೋಡೋಣ, ಏಕೆಂದರೆ ಅದು ಗೊತ್ತುಗುರಿಯಿಲ್ಲದೆ ಬರುತ್ತಿಲ್ಲ. ಅದಕ್ಕೂ ಒಂದು ಕ್ರಮವಿದೆ.

ನಿಮ್ಮ ಲಾಟಿನ ಟೇಬಲ್‌ನಲ್ಲಿ ರೈತರ ಹೆಸರು ಎಂಬುದೇ ಇಲ್ಲ. ಅಲ್ಲಿರುವುದು ಒಂದು ಸಂಖ್ಯೆ ಮಾತ್ರ. ರೈತರ ಟೇಬಲ್‌ನಲ್ಲಿ ವೆಂಕಟೇಶಪ್ಪನವರ ಸಾಲಿಗೆ 12, ಅಂಜಿನಪ್ಪನವರಿಗೆ 47, ನಾರಾಯಣಪ್ಪನವರಿಗೆ 203 ಎಂಬ ಐಡಿ ಇದೆ ಎಂದಿಟ್ಟುಕೊಳ್ಳಿ. ಲಾಟು ದಾಖಲಾಗುವಾಗ ಉಳಿಯುವುದು ಈ 12, 47, 203 ಮಾತ್ರ. ಪರದೆಯ ಮೇಲೆ ತೋರಿಸುವ ಹೊತ್ತಿಗೆ ಜಾಂಗೋ ಆ ಸಂಖ್ಯೆಯನ್ನು ಹಿಡಿದು ರೈತರ ಟೇಬಲ್‌ಗೆ ಹೋಗಿ ಹೆಸರನ್ನು ತಂದು ಕೊಡುತ್ತದೆ. ಕಣ್ಣಿಗೆ ಕಾಣುವುದು ಹೆಸರು, ಕೆಳಗೆ ಕೂತಿರುವುದು ಸಂಖ್ಯೆ. ತಲೆಬರಹ ಒತ್ತಿದಾಗ ಜಾಂಗೋ ಏನು ಮಾಡುತ್ತದೆ ಎಂಬುದಕ್ಕೆ ಸ್ಪಷ್ಟ ನಿಯಮವಿದೆ: ಸಂಬಂಧಿತ ಮಾಡೆಲ್‌ಗೆ (ಒಂದು ಟೇಬಲ್ ಅನ್ನು ವಿವರಿಸುವ ಕೋಡ್‌ಗೆ) ತನ್ನದೇ ಆದ ಜೋಡಣೆಯ ಕ್ರಮವನ್ನು ಹೇಳಿಕೊಟ್ಟಿದ್ದರೆ ಅದನ್ನು ಅನುಸರಿಸುತ್ತದೆ, ಹೇಳಿಕೊಡದಿದ್ದರೆ ಐಡಿಯ ಕ್ರಮದಲ್ಲಿ ಜೋಡಿಸುತ್ತದೆ. ನಿಮ್ಮ ತಮ್ಮ ರೈತ ಮಾಡೆಲ್‌ಗೆ ಕ್ರಮ ಹೇಳಿಲ್ಲ. ಹಾಗಾಗಿ ನೀವು ನೋಡುತ್ತಿರುವುದು ಯಾರು ಮೊದಲು ನಿಮ್ಮ ಮಂಡಿಯಲ್ಲಿ ನೋಂದಾಯಿಸಿಕೊಂಡರು ಎಂಬ ಕ್ರಮ. ರೈತರ ಪಟ್ಟಿಯನ್ನು ತೆರೆದು ಐಡಿಗಳನ್ನು ಹೋಲಿಸಿ ನೋಡಿದರೆ ಇದು ಹೌದೋ ಅಲ್ಲವೋ ಎಂದು ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಪರಿಹಾರ ಎರಡು ರೀತಿಯದು. ರೈತ ಮಾಡೆಲ್‌ನ ಮೆಟಾ ಎಂಬ ಭಾಗದಲ್ಲಿ ಆರ್ಡರಿಂಗ್ ಎಂದು ಬರೆದು ಅದಕ್ಕೆ ಹೆಸರಿನ ಕಾಲಮ್ ಕೊಟ್ಟರೆ ಅಷ್ಟಕ್ಕೇ ನಿಮ್ಮ ಮೊದಲ ತೊಡಕು ಬಗೆಹರಿಯುತ್ತದೆ. ಆದರೆ ಆ ಕ್ರಮ ರೈತರ ದಾಖಲೆ ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ಅನ್ವಯವಾಗುತ್ತದೆ. ಬೇಡದ ಕಡೆಯಲ್ಲೂ ಡೇಟಾಬೇಸ್ ಜೋಡಿಸುವ ಕೆಲಸ ಮಾಡುತ್ತಿರುತ್ತದೆ. ನನಗೆ ಎರಡನೆಯ ದಾರಿಯೇ ಹಿಡಿಸುತ್ತದೆ, ಏಕೆಂದರೆ ಅದರಲ್ಲಿ ಯಾವ ಕಾಲಮ್ ಯಾವುದರ ಮೇಲೆ ಜೋಡಣೆಯಾಗುತ್ತದೆ ಎಂಬುದು ಕೋಡ್ ಓದಿದವರಿಗೆ ಅಲ್ಲೇ ಕಾಣುತ್ತದೆ. ಲಾಟಿನ ಅಡ್ಮಿನ್ ಕ್ಲಾಸ್‌ನಲ್ಲಿ ರೈತರ ಹೆಸರನ್ನು ಹಿಂದಿರುಗಿಸುವ ಒಂದು ಪುಟ್ಟ ಮೆಥಡ್ (ಕ್ಲಾಸ್‌ನೊಳಗಿನ ಫಂಕ್ಷನ್) ಬರೆದು, ಅದರ ಮೇಲೆ ಅಡ್ಮಿನ್.ಡಿಸ್‌ಪ್ಲೇ ಎಂಬ ಡೆಕೊರೇಟರ್ (ಮೆಥಡ್‌ನ ತಲೆಯ ಮೇಲೆ ಬರೆಯುವ ಸೂಚನೆ) ಇಟ್ಟು, ಅದರೊಳಗಿನ ಆರ್ಡರಿಂಗ್‌ಗೆ 'ರೈತ__ಹೆಸರು' ಎಂದು ಕೊಡಬೇಕು. ನಡುವೆ ಇರುವುದು ಎರಡು ಅಡಿಗೆರೆ. ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ದಾಟುವ ಗುರುತು ಅದು. ಊರಿಗೂ ಹೀಗೆಯೇ. ಲಾಟಿನಿಂದ ರೈತನಿಗೆ, ರೈತನಿಂದ ಊರಿಗೆ, ಊರಿನಿಂದ ತಾಲ್ಲೂಕಿಗೆ ಹೋಗಬೇಕಾದರೆ 'ರೈತ__ಊರು__ತಾಲ್ಲೂಕು__ಹೆಸರು' ಎಂದು ಬರೆದರಾಯಿತು. ಮಾಲೂರಿನದೆಲ್ಲ ಒಂದು ಕಡೆ, ಮುಳಬಾಗಿಲಿನದೆಲ್ಲ ಒಂದು ಕಡೆ, ಶ್ರೀನಿವಾಸಪುರದ್ದೆಲ್ಲ ಒಂದು ಕಡೆ ಬರುತ್ತದೆ. ನಿಮ್ಮ ಊರಿನ ಕಾಲಮ್ ಈಗ ಒತ್ತಲು ಬಾರದಿರುವುದಕ್ಕೆ ಕಾರಣವೂ ಇದೇ. ಅದು ಮೆಥಡ್‌ನಿಂದ ಬರುತ್ತಿರುವ ಕಾಲಮ್. ಡೇಟಾಬೇಸ್‌ನ ಯಾವ ಕಾಲಮ್‌ನ ಮೇಲೆ ಜೋಡಿಸಬೇಕು ಎಂಬುದನ್ನು ಯಾರೂ ಜಾಂಗೋಗೆ ಹೇಳಿಲ್ಲ. ಹೇಳದಿದ್ದರೆ ಅದು ತಲೆಬರಹವನ್ನು ಒತ್ತುವಂತೆ ಮಾಡುವುದೇ ಇಲ್ಲ, ಅದು ಸರಿಯಾದ ನಡೆ.

ಈ ಡೆಕೊರೇಟರ್ ಬಂದದ್ದು 2021ರಲ್ಲಿ, ಜಾಂಗೋದ 3.2ನೇ ಆವೃತ್ತಿಯಲ್ಲಿ. ಅದಕ್ಕಿಂತ ಹಳೆಯದಿದ್ದರೆ ಮೆಥಡ್‌ನ ಕೆಳಗೆ ಅಡ್ಮಿನ್_ಆರ್ಡರ್_ಫೀಲ್ಡ್ ಎಂಬ ಗುಣಕ್ಕೆ ಅದೇ ಬೆಲೆಯನ್ನು ಕೊಡಬೇಕು. 2024ರ 5.1ನೇ ಆವೃತ್ತಿ ಅಥವಾ ಅದಕ್ಕಿಂತ ಹೊಸದು ನಿಮ್ಮಲ್ಲಿದ್ದರೆ ಮೆಥಡ್ ಬರೆಯುವ ಶ್ರಮವೂ ಬೇಡ. ಲಿಸ್ಟ್_ಡಿಸ್‌ಪ್ಲೇಯಲ್ಲಿ ನೇರವಾಗಿ 'ರೈತ__ಹೆಸರು' ಎಂದು ಬರೆದರೆ ಕಾಲಮ್ ಕಾಣುತ್ತದೆ, ಜೋಡಣೆಯೂ ಆಗುತ್ತದೆ.

ಇದರ ಜೊತೆಗೆ ಮಾಡಬೇಕಾದ ಇನ್ನೊಂದು ಕೆಲಸವನ್ನು ಬಹಳ ಮಂದಿ ಮರೆಯುತ್ತಾರೆ. ಅಡ್ಮಿನ್ ಪಟ್ಟಿಯ ಒಂದು ಪುಟದಲ್ಲಿ ಮಾಮೂಲಾಗಿ 100 ಸಾಲುಗಳಿರುತ್ತವೆ. ಮೆಥಡ್ ಪ್ರತಿ ಸಾಲಿಗೂ ರೈತರ ಹೆಸರು ಕೇಳಿದಾಗ, ಜಾಂಗೋ ಪ್ರತಿ ಸಾಲಿಗೂ ಡೇಟಾಬೇಸ್‌ಗೆ ಒಂದೊಂದು ಸಲ ಹೋಗಿ ಬರುತ್ತದೆ. ಊರು, ತಾಲ್ಲೂಕು ಸೇರಿದರೆ ಮುನ್ನೂರು ಸಲ. ಲಿಸ್ಟ್_ಸೆಲೆಕ್ಟ್_ರಿಲೇಟೆಡ್‌ನಲ್ಲಿ 'ರೈತ__ಊರು__ತಾಲ್ಲೂಕು' ಎಂದು ಬರೆದರೆ ಅಷ್ಟೂ ಒಂದೇ ಕ್ವೆರಿಯಲ್ಲಿ, ಅಂದರೆ ಡೇಟಾಬೇಸ್‌ಗೆ ಕಳಿಸುವ ಒಂದೇ ಕೋರಿಕೆಯಲ್ಲಿ, ಬರುತ್ತದೆ. ಹರಾಜು ಮುಗಿದ ಮೇಲೆ ಪಟ್ಟಿ ತೆರೆಯುವುದು ನಿಧಾನವೆಂದು ನೀವು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅದರ ಕಾರಣ ಬಹುತೇಕ ಇಲ್ಲೇ ಇದೆ.

ಒಳಗೆ ನಡೆಯುವುದು ಇಷ್ಟು. ಜಾಂಗೋ ನಿಮ್ಮ ಪರವಾಗಿ ಬರೆಯುವ ಎಸ್‌ಕ್ಯೂಎಲ್‌ನ (ಡೇಟಾಬೇಸ್‌ನೊಂದಿಗೆ ಮಾತಾಡುವ ಭಾಷೆ) ತಿರುಳನ್ನು ಕನ್ನಡ ಅಕ್ಷರದಲ್ಲಿ ಬರೆದರೆ ಹೀಗಿರುತ್ತದೆ: ಸೆಲೆಕ್ಟ್ ಲಾಟು.* ಫ್ರಮ್ ಲಾಟು ಲೆಫ್ಟ್ ಜಾಯಿನ್ ರೈತ ಆನ್ ಲಾಟು.ರೈತ_ಐಡಿ = ರೈತ.ಐಡಿ ಆರ್ಡರ್ ಬೈ ರೈತ.ಹೆಸರು. ಮೊದಲು ಎರಡು ಟೇಬಲ್‌ಗಳನ್ನು ಬೆಸೆದು, ಆಮೇಲೆ ಜೋಡಿಸುವುದು. ಇದರಲ್ಲಿ 'ಲೆಫ್ಟ್' ಎಂಬ ಪದ ಸಣ್ಣದೆಂದು ಕಾಣಬಹುದು, ಆದರೆ ಲೆಕ್ಕದವರು ಅದನ್ನು ಮರೆಯಬಾರದು. ಬೆಳಗಿನ ಗದ್ದಲದಲ್ಲಿ ರೈತರ ಹೆಸರು ಬರೆದುಕೊಳ್ಳದೆ ಬಾಕ್ಸ್ ಇಳಿಸಿಕೊಂಡ ಲಾಟುಗಳಿರುತ್ತವೆ. ಬರಿಯ ಇನ್ನರ್ ಜಾಯಿನ್ ಮಾಡಿದರೆ ಅಂಥ ಲಾಟುಗಳು ಪಟ್ಟಿಯಿಂದಲೇ ಮಾಯವಾಗುತ್ತವೆ. ಲೆಫ್ಟ್ ಜಾಯಿನ್ ಮಾಡಿದರೆ ಹೆಸರಿನ ಜಾಗ ಖಾಲಿ ಬಿಟ್ಟು ಲಾಟು ಉಳಿಯುತ್ತದೆ. ರೈತರ ಕಾಲಮ್ ಖಾಲಿ ಇರಬಹುದು ಎಂದು ಮಾಡೆಲ್‌ನಲ್ಲಿ ಹೇಳಿದ್ದರೆ ಜಾಂಗೋ ತಾನಾಗಿಯೇ ಲೆಫ್ಟ್ ಜಾಯಿನ್ ಮಾಡುತ್ತದೆ. ಆದರೆ ವಾರದ ವರದಿಗೆಂದು ಯಾರಾದರೂ ಕೈಯಾರೆ ಕ್ವೆರಿ ಬರೆದಿದ್ದರೆ ಅದನ್ನು ಇವತ್ತೇ ತೆರೆದು ನೋಡಿ. 15 ಕೆ.ಜಿ.ಯ ಬಾಕ್ಸ್‌ಗಳ ಒಟ್ಟು ಎಣಿಕೆ ಪರದೆಯ ಮೇಲೆ ಒಂದು, ವರದಿಯಲ್ಲಿ ಇನ್ನೊಂದು ಬಂದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಇನ್ನು ನಕಲಿನ ವಿಚಾರ. ಒಂದು ಬೆಳಿಗ್ಗೆ ಕೋಲಾರದ ಪ್ರಾಂಗಣದಲ್ಲಿ ಮಂಡಿಯೊಂದರ ಗುಮಾಸ್ತರ ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ರೈತರೊಬ್ಬರು ಕೈಯಲ್ಲಿ ಚೀಟಿ ಹಿಡಿದು ಬಂದು ತಮ್ಮ ಹೆಸರು, ಊರು ಹೇಳಿದರು. ಗುಮಾಸ್ತರು ಪಟ್ಟಿಯ ಮೇಲೆ ಬೆರಳಾಡಿಸುತ್ತಾ ಆ ಹೆಸರಿನ ಮೂರು ಲಾಟುಗಳನ್ನು ಓದಿದರು. ರೈತರು ನಾಲ್ಕು ಎಂದರು. ನಾಲ್ಕನೆಯದು ಎರಡು ಪುಟಗಳಾಚೆ ಇತ್ತು, ಏಕೆಂದರೆ ಅಲ್ಲಿ ಲಾಟಿನೊಂದಿಗೇ ಹೆಸರನ್ನೂ ಬರೆದುಕೊಳ್ಳುತ್ತಿದ್ದರು, ಆ ಒಂದು ಲಾಟಿನಲ್ಲಿ ಅಂಜಿನಪ್ಪ ಹೋಗಿ ಆಂಜಿನಪ್ಪ ಆಗಿತ್ತು. ಒಂದು ದೀರ್ಘದ ವ್ಯತ್ಯಾಸಕ್ಕೆ ಒಬ್ಬ ಮನುಷ್ಯ ತನ್ನ ಹಣಕ್ಕಾಗಿ ಮುಕ್ಕಾಲು ಗಂಟೆ ನಿಲ್ಲಬೇಕಾಯಿತು. ಹೆಸರು ಒಂದೇ ಕಡೆ ಇರಬೇಕು, ತಿದ್ದಿದರೆ ಒಂದೇ ಕಡೆ ತಿದ್ದಬೇಕು ಎಂದು ನಾನು ಒತ್ತಿ ಹೇಳುವುದು ಅದಕ್ಕೇ.

ಆದರೆ ಎಲ್ಲವನ್ನೂ ಹೀಗೆ ಬೇರೆಡೆ ಇಡಬೇಕೆಂದಲ್ಲ. ಅಂದಿನ ಹರಾಜಿನ ದರ, ಅಂದು ಹಿಡಿದ ಕಮಿಷನ್‌ನ ಪ್ರಮಾಣ ಇವು ಲಾಟಿನ ಸಾಲಿನಲ್ಲೇ ಇರಬೇಕು. ಅವು ನಾಳೆ ಬದಲಾದರೂ ಇವತ್ತಿನ ಪಟ್ಟಿ ಬದಲಾಗಬಾರದು. ಯಾರು ಎಂಬುದು ಒಂದೇ ಕಡೆ, ಅಂದು ಎಷ್ಟಾಯಿತು ಎಂಬುದು ಆಯಾ ಲಾಟಿನಲ್ಲಿ: ಹೀಗೆ ಗೆರೆ ಎಳೆದುಕೊಂಡರೆ ನಿಮ್ಮ ತಮ್ಮನಿಗೂ ವಿವರಿಸಲು ಸುಲಭ.

ಬ್ರೌಸರ್‌ನಲ್ಲಿ ಕಾಲಮ್ ಜೋಡಿಸುವ ಜಾವಾಸ್ಕ್ರಿಪ್ಟ್ ತುಂಡನ್ನು ಹಾಕಿಕೊಳ್ಳಿ ಎಂದೂ ಯಾರಾದರೂ ಹೇಳಬಹುದು. ಅದು ಕಣ್ಣೆದುರಿನ ನೂರು ಸಾಲುಗಳನ್ನಷ್ಟೇ ಜೋಡಿಸುತ್ತದೆ; ಮುಂದಿನ ಪುಟದಲ್ಲಿ ಮತ್ತೆ ಅಕಾರದಿಂದ ಶುರುವಾಗುತ್ತದೆ. ಪುಟಗಳಾಗಿ ಒಡೆಯುವ ಮೊದಲೇ ಡೇಟಾಬೇಸ್‌ನಲ್ಲಿ ಜೋಡಣೆ ಆಗಬೇಕು.

ಪ್ರಶ್ನೆ: ಶಿಡ್ಲಘಟ್ಟದ ಬಳಿ ನಮ್ಮದು ಚಾಕಿ ಸಾಕಾಣಿಕೆ ಕೇಂದ್ರ. ಎರಡನೇ ಜ್ವರದವರೆಗೆ (ಹುಳು ಪೊರೆ ಬಿಡುವ ಹಂತ) ಸಾಕಿದ ರೇಷ್ಮೆ ಹುಳುಗಳನ್ನು, ಅಂದರೆ ಚಾಕಿಯನ್ನು, ರೈತರಿಗೆ ಕೊಡುತ್ತೇವೆ. ಅಡ್ಮಿನ್ ಪ್ಯಾನೆಲ್‌ನಲ್ಲಿ ರೈತರ ಪಟ್ಟಿಯನ್ನು, ಅವರು ಕೊನೆಯ ಸಲ ಚಾಕಿ ತೆಗೆದುಕೊಂಡ ದಿನದ ಮೇಲೆ ಜೋಡಿಸಬೇಕು. ಬಹಳ ದಿನದಿಂದ ಬಾರದವರಿಗೆ ಫೋನ್ ಮಾಡಲು ಇದು ಬೇಕು. ಆರ್ಡರಿಂಗ್‌ಗೆ 'ವಿತರಣೆ__ದಿನಾಂಕ' ಎಂದು ಕೊಟ್ಟೆ. ಒಬ್ಬೊಬ್ಬ ರೈತರೂ ಐದಾರು ಸಲ ಪಟ್ಟಿಯಲ್ಲಿ ಬರತೊಡಗಿದರು. ಒಂದೇ ರೀತಿಯ ಸಾಲುಗಳನ್ನು ತೆಗೆಯುವ ಡಿಸ್ಟಿಂಕ್ಟ್ ಹಾಕಿದರೂ ಹೋಗಲಿಲ್ಲ.

ಉತ್ತರ: ಮೇಲಿನ ಮಂಡಿಯವರ ತೊಡಕಿಗೂ ನಿಮ್ಮದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಒಂದು ಲಾಟಿಗೆ ಒಬ್ಬನೇ ರೈತ. ಆದರೆ ಒಬ್ಬ ರೈತನಿಗೆ ವರ್ಷದಲ್ಲಿ ಹಲವು ಬೆಳೆ, ಹಾಗಾಗಿ ಹಲವು ವಿತರಣೆ. ರೈತರ ಟೇಬಲ್‌ಗೆ ವಿತರಣೆಯ ಟೇಬಲ್ ಬೆಸೆದರೆ, ಆರು ಸಲ ಚಾಕಿ ಒಯ್ದ ರೈತ ಆರು ಸಾಲುಗಳಾಗಿ ಬರುವುದು ಸಹಜ. ಡೇಟಾಬೇಸ್ ತಪ್ಪು ಮಾಡಿಲ್ಲ; ಆರು ದಿನಾಂಕಗಳಲ್ಲಿ ಯಾವುದರ ಮೇಲೆ ಜೋಡಿಸಬೇಕು ಎಂಬುದನ್ನು ನೀವು ಹೇಳಿಲ್ಲ. ಡಿಸ್ಟಿಂಕ್ಟ್ ಕೆಲಸ ಮಾಡದಿರುವುದಕ್ಕೂ ಕಾರಣವಿದೆ. ಯಾವ ಕಾಲಮ್‌ನ ಮೇಲೆ ಜೋಡಿಸುತ್ತೀರೋ ಅದು ಆಯ್ಕೆಯಾಗುವ ಕಾಲಮ್‌ಗಳ ಪಟ್ಟಿಗೂ ಸೇರಿಕೊಳ್ಳುತ್ತದೆ. ದಿನಾಂಕ ಸೇರಿದ ಮೇಲೆ ಆರು ಸಾಲುಗಳೂ ಒಂದಕ್ಕೊಂದು ಬೇರೆಯೇ, ಆದ್ದರಿಂದ ಯಾವುದನ್ನೂ ಅದು ತೆಗೆಯುವುದಿಲ್ಲ.

ಅಡ್ಮಿನ್ ಕ್ಲಾಸ್‌ನ ಗೆಟ್_ಕ್ವೆರಿಸೆಟ್ ಮೆಥಡ್ ಅನ್ನು ಮತ್ತೆ ಬರೆದು, ಅದರಲ್ಲಿ ಆ್ಯನೊಟೇಟ್ ಬಳಸಿ ಪ್ರತಿ ರೈತನಿಗೂ 'ಕೊನೆಯ_ದಿನ' ಎಂಬ ಒಂದು ಲೆಕ್ಕದ ಕಾಲಮ್ ಸೇರಿಸಿ. ಅದರ ಬೆಲೆ ಮ್ಯಾಕ್ಸ್ 'ವಿತರಣೆ__ದಿನಾಂಕ'. ಮ್ಯಾಕ್ಸ್ ಬಂದ ಕೂಡಲೇ ಡೇಟಾಬೇಸ್ ರೈತವಾರು ಗುಂಪು ಮಾಡುತ್ತದೆ. ಒಬ್ಬ ರೈತನಿಗೆ ಒಂದೇ ಸಾಲು ಉಳಿಯುತ್ತದೆ. ಆಮೇಲೆ ಪಟ್ಟಿಯಲ್ಲಿ ತೋರಿಸುವ ಮೆಥಡ್‌ನ ಆರ್ಡರಿಂಗ್‌ಗೆ 'ಕೊನೆಯ_ದಿನ' ಎಂದು ಕೊಟ್ಟರೆ ತಲೆಬರಹ ಒತ್ತಿದಾಗ ನೀವು ಬಯಸಿದ ಕ್ರಮ ಬರುತ್ತದೆ.

ನೋಂದಾಯಿಸಿಕೊಂಡು ಒಮ್ಮೆಯೂ ಚಾಕಿ ಒಯ್ಯದವರ 'ಕೊನೆಯ_ದಿನ' ಖಾಲಿ ಇರುತ್ತದೆ. ಖಾಲಿಯನ್ನು ಎಲ್ಲಿ ಇಡಬೇಕು ಎಂಬುದರಲ್ಲಿ ಡೇಟಾಬೇಸ್‌ಗಳ ನಡುವೆ ಒಮ್ಮತವಿಲ್ಲ. ಪೋಸ್ಟ್‌ಗ್ರೆಸ್ ಖಾಲಿಯನ್ನು ಎಲ್ಲಕ್ಕಿಂತ ದೊಡ್ಡದೆಂದು ಎಣಿಸುತ್ತದೆ, ಹಾಗಾಗಿ ಏರಿಕೆಯ ಕ್ರಮದಲ್ಲಿ ಅಂಥವರು ಕೊನೆಗೆ ಬರುತ್ತಾರೆ. ಮೈಎಸ್‌ಕ್ಯೂಎಲ್ ಮತ್ತು ಎಸ್‌ಕ್ಯೂಎಲೈಟ್ ಅದನ್ನು ಎಲ್ಲಕ್ಕಿಂತ ಚಿಕ್ಕದೆಂದು ಎಣಿಸುತ್ತವೆ, ಆಗ ಅವರೇ ಮೊದಲು. ಲ್ಯಾಪ್‌ಟಾಪ್‌ನಲ್ಲಿ ಎಸ್‌ಕ್ಯೂಎಲೈಟ್ ಇಟ್ಟು ಪರೀಕ್ಷಿಸಿ ಸರ್ವರ್‌ನಲ್ಲಿ ಪೋಸ್ಟ್‌ಗ್ರೆಸ್ ಬಳಸುವವರಿಗೆ ಪಟ್ಟಿ ತಲೆಕೆಳಗಾದಂತೆ ಕಾಣುವುದು ಇದರಿಂದಲೇ. ನಿಮಗೆ ಬಾರದವರನ್ನು ಹುಡುಕಿ ಫೋನ್ ಮಾಡುವುದು ಮುಖ್ಯವಾದ್ದರಿಂದ, ಒಮ್ಮೆಯೂ ಒಯ್ಯದವರು ಮೇಲೆ ಬರುವುದೇ ಒಳ್ಳೆಯದು. ಮ್ಯಾಕ್ಸ್‌ನ ಸುತ್ತ ಕೋಅಲೆಸ್ ಹಾಕಿ, ಖಾಲಿ ಇದ್ದರೆ ನಿಮ್ಮ ಕೇಂದ್ರ ಶುರುವಾಗುವುದಕ್ಕಿಂತ ಹಿಂದಿನ ಒಂದು ದಿನಾಂಕ ಎಂದು ಕೊಡಿ. ಆಗ ಯಾವ ಡೇಟಾಬೇಸ್ ಆದರೂ ಏರಿಕೆಯ ಕ್ರಮದಲ್ಲಿ ಅವರೇ ಮೊದಲು ಬರುತ್ತಾರೆ. ಪರದೆಯಲ್ಲಿ ಮಾತ್ರ ಆ ಸುಳ್ಳು ದಿನಾಂಕವನ್ನು ತೋರಿಸದೆ 'ಇನ್ನೂ ಇಲ್ಲ' ಎಂದು ಬರೆಸಿ.

ಇದರ ಮುಂದಿನ ಹೆಜ್ಜೆಯಲ್ಲಿ ನೀವು ಎಡವಬಾರದೆಂಬ ಕಾಳಜಿಯಿಂದ, ಪತ್ರದಲ್ಲಿ ಕೇಳದಿದ್ದರೂ ಒಂದು ಮಾತು ಸೇರಿಸುತ್ತೇನೆ. ಕೊನೆಯ ದಿನ ಬಂತು, ಇನ್ನು ಒಟ್ಟು ಮೊಟ್ಟೆ ಎಷ್ಟು, ಒಟ್ಟು ಹಣ ಎಷ್ಟು ಬಂದಿದೆ ಎಂಬುದೂ ಅದೇ ಪಟ್ಟಿಯಲ್ಲಿ ಇರಲಿ ಎಂದು ನಿಮಗೆ ಅನ್ನಿಸದೆ ಇರದು. ಅದೇ ಆ್ಯನೊಟೇಟ್‌ನಲ್ಲಿ ವಿತರಣೆಯ ಮೊತ್ತಕ್ಕೊಂದು ಸಮ್, ಪಾವತಿಯ ಮೊತ್ತಕ್ಕೊಂದು ಸಮ್ ಹಾಕಿದರೆ ಎರಡೂ ತಪ್ಪಾಗಿ ಬರುತ್ತವೆ. ಒಬ್ಬ ರೈತ ನೂರು ನೂರು ಮೊಟ್ಟೆಯ ಚಾಕಿಯನ್ನು ಮೂರು ಸಲ ಒಯ್ದು, 5,000 ರೂಪಾಯಿಯಂತೆ ಎರಡು ಸಲ ಹಣ ಕೊಟ್ಟಿದ್ದಾರೆ ಎನ್ನಿ. ಮೂರು ವಿತರಣೆ, ಎರಡು ಪಾವತಿ ಬೆಸೆದಾಗ ಆರು ಸಾಲುಗಳಾಗುತ್ತವೆ. ಆಗ 300 ಮೊಟ್ಟೆ 600 ಆಗುತ್ತದೆ, 10,000 ರೂಪಾಯಿ 30,000 ಆಗುತ್ತದೆ. ಮ್ಯಾಕ್ಸ್‌ಗೆ ಇದರಿಂದ ತೊಂದರೆಯಿಲ್ಲ, ಒಂದೇ ದಿನಾಂಕ ಆರು ಸಲ ಬಂದರೂ ದೊಡ್ಡದು ಅದೇ. ಕೂಡಿಸುವ ಲೆಕ್ಕಕ್ಕೆ ಮಾತ್ರ ಅಪಾಯ. ಮೊತ್ತ ಬೇಕಾದಾಗ ಸಬ್‌ಕ್ವೆರಿ ಮತ್ತು ಔಟರ್‌ರೆಫ್ ಬಳಸಿ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಲೆಕ್ಕ ಹಾಕಿಸಿ. ಬಾಕಿ ಹಣದ ಮೇಲೆ ರೈತರನ್ನು ಜೋಡಿಸಿ ಫೋನ್ ಮಾಡುವವರು ಮೊದಲು ಒಬ್ಬ ರೈತನ ಲೆಕ್ಕವನ್ನು ಪುಸ್ತಕದೊಂದಿಗೆ ಹೋಲಿಸಿ ನೋಡಲೇಬೇಕು.

ಪ್ರಶ್ನೆ: ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರಿಗಳಿಗಾಗಿ ಲಾರಾವೆಲ್‌ನಲ್ಲಿ (ಪಿಎಚ್‌ಪಿ ಭಾಷೆಯ ಒಂದು ಸಿದ್ಧ ಚೌಕಟ್ಟು) ಅಡ್ಮಿನ್ ಪ್ಯಾನೆಲ್ ಬರೆದಿದ್ದೇನೆ. ಖರೀದಿಯ ಪಟ್ಟಿಯನ್ನು ಬೆಳೆಗಾರರ ಹೆಸರಿನ ಮೇಲೆ ಜೋಡಿಸಲು ವಿತ್ ಬಳಸಿ ಆರ್ಡರ್‌ಬೈ ಕೊಟ್ಟರೆ ಅಂಥ ಕಾಲಮ್ ಇಲ್ಲ ಎಂದು ದೋಷ ಬರುತ್ತಿತ್ತು. ಜಾಯಿನ್ ಮಾಡಿದೆ, ಜೋಡಣೆ ಸರಿಯಾಯಿತು. ಈಗ ಒಂದು ಖರೀದಿಯ ತಿದ್ದುವ ಬಟನ್ ಒತ್ತಿದರೆ ಇನ್ಯಾವುದೋ ಖರೀದಿ ತೆರೆಯುತ್ತದೆ.

ಉತ್ತರ: ಆ ಪ್ಯಾನೆಲ್ ಈಗಾಗಲೇ ಬಳಕೆಯಲ್ಲಿದ್ದರೆ ತಿದ್ದುವ ಬಟನ್ ಅನ್ನು ಮೊದಲು ನಿಲ್ಲಿಸಿ, ಆಮೇಲೆ ಮುಂದಕ್ಕೆ ಓದಿ.

ವಿತ್ ಎಂಬುದು ಜಾಯಿನ್ ಅಲ್ಲ. ಲಾರಾವೆಲ್ ಮೊದಲು ಖರೀದಿಗಳನ್ನು ತರುತ್ತದೆ, ಅವುಗಳಲ್ಲಿರುವ ಬೆಳೆಗಾರರ ಐಡಿಗಳನ್ನು ಒಟ್ಟುಮಾಡಿ ಎರಡನೆಯ ಕ್ವೆರಿಯಲ್ಲಿ ಬೆಳೆಗಾರರನ್ನು ತರುತ್ತದೆ. ಜೋಡಣೆ ನಡೆಯುವ ಮೊದಲ ಕ್ವೆರಿಯಲ್ಲಿ ಬೆಳೆಗಾರರ ಟೇಬಲ್ ಇರುವುದೇ ಇಲ್ಲ, ಹಾಗಾಗಿ ದೋಷ. ಜಾಯಿನ್ ಮಾಡಿದ್ದು ಸರಿ. ಆದರೆ ಜಾಯಿನ್ ಮಾಡಿದ ಮೇಲೆ ಯಾವ ಕಾಲಮ್‌ಗಳು ಬೇಕು ಎಂದು ಹೇಳದಿದ್ದರೆ ಎರಡೂ ಟೇಬಲ್‌ಗಳ ಎಲ್ಲ ಕಾಲಮ್‌ಗಳೂ ಬರುತ್ತವೆ. ಎರಡರಲ್ಲೂ ಐಡಿ ಎಂಬ ಕಾಲಮ್ ಇದೆ, ಎರಡನೆಯದು ಮೊದಲನೆಯದರ ಮೇಲೆ ಕೂರುತ್ತದೆ. 812ನೇ ಖರೀದಿಯ ಬೆಳೆಗಾರರ ಐಡಿ 35 ಆಗಿದ್ದರೆ, ಆ ಸಾಲಿನ ಬಟನ್ 35ನೇ ಖರೀದಿಯನ್ನು ತೆರೆಯುತ್ತದೆ. ಸೆಲೆಕ್ಟ್ 'ಖರೀದಿ.*' ಎಂದು ಸೇರಿಸಿದರೆ ಖರೀದಿಯ ಕಾಲಮ್‌ಗಳು ಮಾತ್ರ ಬಂದು ತೊಂದರೆ ತಪ್ಪುತ್ತದೆ. ವೇರ್ ಷರತ್ತುಗಳಲ್ಲೂ ದಿನಾಂಕ ಎಂದಷ್ಟೇ ಬರೆಯದೆ 'ಖರೀದಿ.ದಿನಾಂಕ' ಎಂದು ಟೇಬಲ್‌ನ ಹೆಸರು ಸೇರಿಸಿ ಬರೆಯಿರಿ. ಪ್ಯಾನೆಲ್ ಅನ್ನು ಹೊಸದಾಗಿ ಕಟ್ಟುವ ಮನಸ್ಸಿದ್ದರೆ ಫಿಲಮೆಂಟ್‌ನಂಥ ಸಿದ್ಧ ಚೌಕಟ್ಟಿನಲ್ಲಿ 'ಬೆಳೆಗಾರ.ಹೆಸರು' ಎಂದು ಚುಕ್ಕೆ ಹಾಕಿ ಬರೆದು ಸಾರ್ಟಬಲ್ ಎಂದರೆ ಈ ಕೆಲಸವನ್ನು ಅದೇ ಮಾಡಿಕೊಡುತ್ತದೆ.

ಈ ತಪ್ಪನ್ನು ನಾನೂ ಒಮ್ಮೆ ಮಾಡಿದ್ದೇನೆ. ಒಂದು ಸಂಸ್ಥೆಗೆ ಬರೆದುಕೊಟ್ಟ ಪ್ಯಾನೆಲ್‌ನಲ್ಲಿ ಇದೇ ರೀತಿ ಐಡಿ ಅದಲುಬದಲಾಗಿ, ಎರಡು ದಿನ ಅಲ್ಲಿನವರು ತಿದ್ದಿದ್ದೆಲ್ಲ ಬೇರೆಯವರ ದಾಖಲೆಗೆ ಹೋಗಿ ಕೂತಿತ್ತು. ಒಂದೊಂದೇ ಚೀಟಿ ತೆಗೆದು ಹೋಲಿಸಿ ಸರಿಪಡಿಸಲು ಒಂದು ವಾರ ಹಿಡಿಯಿತು. ಹಾಗಾಗಿ ಜಾಯಿನ್ ಸೇರಿಸಿದ ದಿನ ಪಟ್ಟಿಯ ಮೊದಲ, ನಡುವಿನ ಮತ್ತು ಕೊನೆಯ ಸಾಲುಗಳ ಬಟನ್ ಒತ್ತಿ, ತೆರೆದದ್ದು ಅದೇ ದಾಖಲೆಯೇ ಎಂದು ನೋಡದೆ ಈಗ ನಾನು ಯಾರಿಗೂ ಕೊಡುವುದಿಲ್ಲ.

ನೀವು ಕಳಿಸಿದ ಕೋಡ್‌ನಲ್ಲಿ ಇನ್ನೊಂದು ದೋಷ ಕಂಡಿತು. ವಿಳಾಸಪಟ್ಟಿಯಲ್ಲಿ ಬರುವ ಕಾಲಮ್‌ನ ಹೆಸರನ್ನು ಹಾಗೆಯೇ ಆರ್ಡರ್‌ಬೈಗೆ ಕೊಟ್ಟಿದ್ದೀರಿ. ಹೊರಗಿನವರು ಅಲ್ಲಿ ಏನು ಬೇಕಾದರೂ ಬರೆದು ಕಳಿಸಬಹುದು. ಅನುಮತಿಸಿದ ಕಾಲಮ್‌ಗಳ ಪಟ್ಟಿಯೊಂದನ್ನು ಮಾಡಿ, ಬಂದ ಹೆಸರು ಅದರಲ್ಲಿದ್ದರೆ ಮಾತ್ರ ಬಳಸಿ.

ಪ್ರಶ್ನೆ: ಚಿಂತಾಮಣಿ ತಾಲ್ಲೂಕಿನ ನಮ್ಮ ಹಾಲು ಉತ್ಪಾದಕರ ಸಂಘದ ಲೆಕ್ಕದಲ್ಲಿ ಸದಸ್ಯರ ಹೆಸರು ಕನ್ನಡದಲ್ಲಿದೆ. ಸಂಬಂಧಿತ ಟೇಬಲ್‌ನ ಹೆಸರಿನ ಮೇಲೆ ಜೋಡಣೆ ಆಗುತ್ತಿದೆ, ಆದರೆ ಕಾಳಪ್ಪ ಎಂಬವರು ಕಾವೇರಮ್ಮನವರಿಗಿಂತ ಮೊದಲು ಬರುತ್ತಾರೆ. ವೆಂಕಟೇಶಪ್ಪ ಎಂಬ ಒಂದೇ ಹೆಸರಿನವರು ಎರಡು ಕಡೆ ಬರುತ್ತಾರೆ, ನಡುವೆ ವೆಂಕಟೇಗೌಡರು ಇರುತ್ತಾರೆ. ಏಕೆ?

ಉತ್ತರ: ನಿಮ್ಮ ಎರಡು ಪ್ರಶ್ನೆಗಳಿಗೆ ಎರಡು ಕಾರಣ. ನಮ್ಮ ವರ್ಣಮಾಲೆಯಲ್ಲಿ ಳಕಾರ ಹಕಾರದ ನಂತರ, ಕಟ್ಟಕಡೆಗೆ ಬರುತ್ತದೆ. ಯುನಿಕೋಡ್‌ನಲ್ಲಿ ಅದಕ್ಕೆ ಕೊಟ್ಟಿರುವ ಸಂಖ್ಯೆ ಲಕಾರದ ಬೆನ್ನಿಗೇ, ವಕಾರಕ್ಕಿಂತ ಮೊದಲು ಇದೆ. ಡೇಟಾಬೇಸ್ ಬರಿಯ ಸಂಖ್ಯೆ ನೋಡಿ ಜೋಡಿಸಿದರೆ ಕಾಳಪ್ಪ, ಕಾವೇರಮ್ಮ, ಕಾಶಿನಾಥ ಎಂದು ಬರುತ್ತದೆ. ನಮ್ಮ ಅಕಾರಾದಿಯಲ್ಲಿ ಕಾವೇರಮ್ಮ, ಕಾಶಿನಾಥ, ಕಾಳಪ್ಪ ಎಂದು ಬರಬೇಕು. ಇದನ್ನು ಸರಿಪಡಿಸಲು ಕೊಲೇಷನ್ ಎಂಬ ಏರ್ಪಾಡಿದೆ, ಅಂದರೆ ಅಕ್ಷರಗಳನ್ನು ಯಾವ ಕ್ರಮದಲ್ಲಿ ಎಣಿಸಬೇಕೆಂಬ ನಿಯಮ. ಪೋಸ್ಟ್‌ಗ್ರೆಸ್‌ನಲ್ಲಿ 2017ರ 10ನೇ ಆವೃತ್ತಿಯಿಂದ ಐಸಿಯು ಎಂಬ ತಂತ್ರಾಂಶ ಗ್ರಂಥಾಲಯದ ಭಾಷಾವಾರು ಕೊಲೇಷನ್‌ಗಳು ಸಿಗುತ್ತವೆ, ಕನ್ನಡದ್ದು 'ಕೆಎನ್-ಎಕ್ಸ್-ಐಸಿಯು'. ಜಾಂಗೋದಲ್ಲಿ ಆರ್ಡರಿಂಗ್‌ಗೆ ಹೆಸರಿನ ಬದಲು ಕೊಲೇಟ್ ಎಂಬ ಫಂಕ್ಷನ್ ಬಳಸಿ, ಅದಕ್ಕೆ 'ಸದಸ್ಯ__ಹೆಸರು' ಮತ್ತು ಈ ಕೊಲೇಷನ್ ಎರಡನ್ನೂ ಕೊಡಬಹುದು. ಹಾಕಿದ ಮೇಲೆ ಮೇಲಿನ ಮೂರು ಹೆಸರುಗಳನ್ನೇ ಬರೆದು ನಿಮ್ಮ ಸರ್ವರ್‌ನಲ್ಲಿ ಪರೀಕ್ಷಿಸಿ.

ವೆಂಕಟೇಶಪ್ಪನವರ ವಿಚಾರ ಇನ್ನೂ ಸೂಕ್ಷ್ಮ. 'ಟೇ' ಎಂಬಲ್ಲಿನ ಏಕಾರದ ಗುಣಿತವನ್ನು ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಎಂಬ ಎರಡು ಚಿಹ್ನೆಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಡೇಟಾಬೇಸ್‌ಗೆ ಬೇರೆ ಬೇರೆ. ಬಿಡಿಯಾಗಿ ಬರೆದ ವೆಂಕಟೇಶಪ್ಪ ಎತ್ವದ ಸಂಖ್ಯೆಯಿಂದ ಎಣಿಕೆಯಾಗಿ ವೆಂಕಟೇಗೌಡರಿಗಿಂತ ಮೇಲೆ ಹೋಗುತ್ತಾರೆ, ಕೂಡಿಸಿ ಬರೆದ ವೆಂಕಟೇಶಪ್ಪ ಕೆಳಗೆ ಉಳಿಯುತ್ತಾರೆ. ಬೇರೆ ಬೇರೆ ಕೀಲಿಮಣೆ ಬಳಸಿ ಅಥವಾ ಬೇರೆ ಕಡತದಿಂದ ಪರಿವರ್ತಿಸಿ ಹೆಸರು ತುಂಬಿಸಿದ ಕಡೆ ಹೀಗಾಗುತ್ತದೆ. ಪೈಥಾನ್‌ನಲ್ಲಿರುವ ಯುನಿಕೋಡ್‌ಡೇಟಾದ ನಾರ್ಮಲೈಸ್ ಫಂಕ್ಷನ್‌ಗೆ 'ಎನ್‌ಎಫ್‌ಸಿ' ಎಂಬ ರೂಪವನ್ನು ಕೊಟ್ಟು ಪ್ರತಿ ಹೆಸರನ್ನೂ ಉಳಿಸುವ ಮುನ್ನ ಒಂದೇ ಬರಹಕ್ಕೆ ತನ್ನಿ, ಹಿಂದೆ ಮುಂದೆ ಇರುವ ಖಾಲಿ ಜಾಗವನ್ನೂ ಆಗಲೇ ತೆಗೆಯಿರಿ. ಹಳೆಯ ದಾಖಲೆಗಳಿಗೆ ಇದನ್ನು ಒಮ್ಮೆ ಓಡಿಸಬೇಕು, ಅದಕ್ಕೆ ಮೊದಲು ಬ್ಯಾಕಪ್ ತೆಗೆದಿಡಬೇಕು. ಓಡಿಸಿದ ಮೇಲೆ ಒಂದೇ ಹೆಸರು ಎರಡು ಸದಸ್ಯ ಸಂಖ್ಯೆಯಲ್ಲಿ ಅಕ್ಕಪಕ್ಕ ಬಂದು ನಿಂತರೆ ಅವರು ಇಬ್ಬರೋ ಒಬ್ಬರೋ ಎಂಬುದನ್ನು ಪರದೆ ನೋಡಿ ನಿರ್ಧರಿಸಬೇಡಿ. ಸಂಜೆ ಹಾಲು ಹಾಕಲು ಬಂದಾಗ ಅವರನ್ನೇ ಕೇಳಿ, ಆಮೇಲೆ ಸೇರಿಸಿ.